ಮೊದಲನೇ ಮಹಡಿಗೊಂದು ಸಮುದ್ರ

ಲಗ್ಗೆರೆಯಲ್ಲಿ ನಾಯಿ ಸಾಕಿದವರಿದ್ದಾರೆ, ಪಾರಿವಾಳ ಸಾಕಿದವರಿದ್ದಾರೆ, ಮಹಡಿಯ ಮೇಲೆ ನಾಟಿ ಕೋಳಿ ಸಾಕಿ ಇಡೀ ಬೀದಿಯ ನಿದ್ದೆ ಕೆಡಿಸಿದವರೂ ಇದ್ದಾರೆ. ಆದರೆ ಬಾಡಿಗೆ ಮನೆಯಲ್ಲಿದ್ದುಕೊಂಡು ಸಮುದ್ರ ಸಾಕಿದವನು ಭಾನುಪ್ರಕಾಶ ಒಬ್ಬನೇ. ಸಮುದ್ರವೆಂದರೆ ತೀರಾ ದೊಡ್ಡದೇನಲ್ಲ, ಎರಡಡಿ ಉದ್ದದ ಗಾಜಿನ ಟ್ಯಾಂಕು. ಅದರಲ್ಲಿ ಅಳೆದು ಬೆರೆಸಿದ ಉಪ್ಪುನೀರು, ನಾಲ್ಕು ಕಲ್ಲು, ತಾವು ಬದುಕಿದ್ದೇವೋ ಇಲ್ಲವೋ ಎಂಬ ಗುಟ್ಟನ್ನು ಯಾರಿಗೂ ಬಿಟ್ಟುಕೊಡದ ಒಂದಿಷ್ಟು ಹವಳ, ಮತ್ತು ಕಿತ್ತಳೆ ಮೈಗೆ ಬಿಳಿ ಪಟ್ಟೆ ಹೊದ್ದ ಎರಡು ಮೀನು. ಈ ಎರಡು ಮೀನುಗಳ ಮೇಲೆ ಭಾನುಪ್ರಕಾಶನಿಗೆ ಎಷ್ಟು ಪ್ರೀತಿಯೆಂದರೆ, ಹೆಂಡತಿ ಶಶಿಕಲಾ ಊರಿಗೆ ಹೋದರೆ ಅವನು ತಾನೇ ಅನ್ನ ಮಾಡಿಕೊಂಡು ಸುಮ್ಮನಿರುತ್ತಿದ್ದ. ಕರೆಂಟು ಹೋದರೆ ಮಾತ್ರ ಕೂಗಾಡುತ್ತಿದ್ದ.

ಅವನು ಪೀಣ್ಯದಲ್ಲಿ ಯಂತ್ರಗಳ ಗೇರ್ ಚಕ್ರ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಅಂಗಿಯ ಜೇಬಿನಲ್ಲಿ ಸದಾ ಎರಡು ಮಾರ್ಕರ್, ಒಂದು ಕೆಂಪು, ಒಂದು ಹಸಿರು. ಅಳತೆಗೆ ಸರಿಹೊಂದಿದ ಪೀಸಿಗೆ ಹಸಿರು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು. ಅವನು ಒಂದು ಪೀಸನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, “ಹ್ಞೂಂ” ಎಂದನೆಂದರೆ ಮೆಷಿನ್ನಿನವರ ಮುಖ ಬಾಡುತ್ತಿತ್ತು. ಅಳೆಯದೆ ಒಂದೇ ಒಂದು ಪೀಸನ್ನೂ ಅವನು ಪಾಸು ಮಾಡಿದವನಲ್ಲ. ಈ ಗುಣವೇ ಮುಂದೆ ಅವನನ್ನು ಪೇಚಿಗೆ ಸಿಕ್ಕಿಸಿತು.

ಒಂದು ದಿನ ಕ್ಯಾಂಟೀನಿನಲ್ಲಿ ಮ್ಯಾನೇಜರ್ ಮುರಳಿ ತಮ್ಮ ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದರು. ವೈಟ್‌ಫೀಲ್ಡಿನ ಅವರ ಮನೆಯಲ್ಲಿ ನಾಲ್ಕಡಿಯ ಟ್ಯಾಂಕು, ಅದರೊಳಗೆ ನೀಲಿ ಬೆಳಕು, ಬೆಳಕಿನಲ್ಲಿ ಮದುವೆಮನೆಯ ಹಾಗೆ ಓಲಾಡುವ ಹವಳ. ಎಲ್ಲರೂ ಆಹಾ ಎಂದ ಮೇಲೆ ಮುರಳಿ ತಲೆಯೆತ್ತಿ, “ನಿಮ್ಮನೇಲೂ ಇದ್ಯಂತಲ್ಲ ಭಾನು, ಎಷ್ಟಡೀದು?” ಎಂದರು.

ಎರಡಡಿ ಎನ್ನಲು ಭಾನುಪ್ರಕಾಶ ಬಾಯಿ ತೆರೆದದ್ದು ನಿಜ. ಆದರೆ ಹೊರಗೆ ಬಂದದ್ದು, “ಆರಡಿ ಸಾರ್.” ಮೇಜಿನ ಸುತ್ತ ಇದ್ದವರೆಲ್ಲ ತಟ್ಟೆಯಿಂದ ಕೈ ಎತ್ತಿದರು. ಅವನು ಗಾಬರಿಯಾಗಿ, “ಅಂದ್ರೆ, ಆರಡೀದಕ್ಕೆ ಹೋಗ್ತಾ ಇದೀನಿ. ಕೆಲ್ಸ ನಡೀತಿದೆ,” ಎಂದು ಸೇರಿಸಿದ.

“ಆರಡಿ!” ಎಂದ ಮುರಳಿ ಮೊಬೈಲನ್ನು ಮೆಲ್ಲಗೆ ಜೇಬಿಗಿಳಿಸಿದರು. “ರೆಡಿ ಆದ್ಮೇಲೆ ಹೇಳಿ. ಫ್ಯಾಮಿಲಿ ಸಮೇತ ಬರ್ತೀನಿ.”

ಅಂದಿನಿಂದ ಪ್ರತಿ ಬೆಳಿಗ್ಗೆ ಗೇಟಿನಲ್ಲೇ ಅವರ ಪ್ರಶ್ನೆ, “ಸಮುದ್ರ ಎಲ್ಲಿಗೆ ಬಂತು?” ಇವನ ಉತ್ತರ, “ಬರ್ತಾ ಇದೆ ಸಾರ್.” ಬರದಿದ್ದರೆ ತನ್ನ ಮರ್ಯಾದೆಗೆ ಇಡೀ ಕಾರ್ಖಾನೆಯೇ ಕೆಂಪು ಗೀಟು ಎಳೆಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಅವನು ಕಾರ್ಖಾನೆಯಿಂದ ಹಳೆಯ ರಟ್ಟಿನ ಡಬ್ಬಗಳನ್ನು ತಂದು, ಅಂಟಿಸಿ, ಆರಡಿ ಉದ್ದದ ಒಂದು ಸುಳ್ಳು ಟ್ಯಾಂಕನ್ನು ಹಾಲ್‌ನ ಗೋಡೆಗೆ ಒರಗಿಸಿದ. ಜಾಗ ಸಾಕಾಗುತ್ತದೋ ಇಲ್ಲವೋ ನೋಡಲಿಕ್ಕೆ. ಸಾಕಾಯಿತು, ಆದರೆ ಅಡಿಗೆಮನೆಗೆ ಹೋಗಬೇಕಾದವರು ಅಡ್ಡಡ್ಡಲಾಗಿ ನಡೆಯಬೇಕಿತ್ತು.

“ಎರಡು ಮೀನಿಗೆ ಆರಡಿ ಯಾಕ್ರೀ? ನಮ್ಮಿಬ್ರಿಗೇ ಮಂಚ ಅಷ್ಟು ಅಗಲ ಇಲ್ಲ,” ಎಂದಳು ಶಶಿಕಲಾ.

“ನಿಂಗೊತ್ತಾಗಲ್ಲ ಕಣೇ. ಟ್ಯಾಂಕು ಚಿಕ್ಕದಾದಷ್ಟೂ ನೀರು ಬೇಗ ಕೆಡತ್ತೆ. ಒಂದು ಚಮಚ ಉಪ್ಪು ಹೆಚ್ಚಾದ್ರೂ ಹವಳ ಮುನಿಸ್ಕೊಳ್ಳತ್ತೆ. ದೊಡ್ಡದಾದ್ರೆ ನಮ್ಮ ತಪ್ಪೆಲ್ಲ ನೀರಲ್ಲಿ ಕರಗ್ಹೋಗತ್ತೆ.”

ಗಂಡನ ತಪ್ಪುಗಳು ಕರಗಲು ಆರಡಿ ಸಾಲದೆಂದು ಶಶಿಕಲಾ ಹೇಳಲಿಲ್ಲ. ಒಗೆದ ಬಟ್ಟೆಗಳನ್ನು ತಂದು ರಟ್ಟಿನ ಟ್ಯಾಂಕಿನ ಮೇಲೆ ಒಣಹಾಕಿದಳು. ಮನೆಯಲ್ಲಿ ಅದರಿಂದಾದ ಮೊದಲ ಉಪಯೋಗ ಅದು.

ಭಾನುವಾರ ಅವನು ಮೀನಿನ ಅಂಗಡಿಯ ಕಾಡಪ್ಪನ ಹತ್ತಿರ ಹೋದ. ಕಾಡಪ್ಪ ಟ್ಯಾಂಕು ಮಾರುವುದಕ್ಕಿಂತ ಗಿರಾಕಿಗೆ ಬುದ್ಧಿ ಹೇಳುವುದರಲ್ಲೇ ಹೆಚ್ಚು ಖುಷಿಪಡುವ ಮನುಷ್ಯ. “ಎತ್ತರದ್ದು ತಗೋಬೇಡಿ ಸಾರ್, ಬೆಳಕು ತಳ ಮುಟ್ಟಲ್ಲ, ನಿಮ್ ಕೈನೂ ಮುಟ್ಟಲ್ಲ. ಕಲ್ಲು ಬಿದ್ರೆ ಎತ್ತೋಕೆ ತಲೆಕೆಳಗಾಗಿ ನೇತಾಡ್ಬೇಕು. ಅಗಲ ಇರೋದು ತಗೊಳ್ಳಿ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ರಾಜನ ಥರ ಇರತ್ತೆ.” ಭಾನುಪ್ರಕಾಶ ಅಂಗಡಿಯ ಟ್ಯಾಂಕುಗಳಲ್ಲೆಲ್ಲ ಕೈ ಇಳಿಸಿ ನೋಡಿ, ಎರಡೂ ತೋಳು ಒದ್ದೆ ಮಾಡಿಕೊಂಡು, ಕೊನೆಗೆ ಅದನ್ನೇ ಆರಿಸಿದ. ಮುಂಗಡವನ್ನೂ ಕೊಟ್ಟಾಯಿತು. ಆಗ ಕಾಡಪ್ಪ ಕೇಳಿದ, “ಗ್ರೌಂಡ್ ಫ್ಲೋರ್ ತಾನೇ?”

“ಇಲ್ಲ, ಮೊದಲನೇ ಮಹಡಿ.”

ಕಾಡಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. “ನೀರು, ಕಲ್ಲು, ಗಾಜು, ಸ್ಟ್ಯಾಂಡು ಎಲ್ಲಾ ಸೇರಿ ಒಂದು ಟನ್ ಬರತ್ತೆ ಸಾರ್. ಓನರ್‌ನ ಒಂದ್ಮಾತು ಕೇಳ್ಬಿಡಿ.”

ಓನರ್ ರಾಮಯ್ಯನವರನ್ನು ಈ ಮಾತು ಕೇಳುವುದೆಂದರೆ ಹುಲಿಯನ್ನು ಹಲ್ಲು ಗಟ್ಟಿಯಿದೆಯೇ ಎಂದು ಕೇಳಿದಂತೆ. ಲಗ್ಗೆರೆ ಇನ್ನೂ ಹಳ್ಳಿಯಾಗಿದ್ದಾಗ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಐದಂತಸ್ತಿನ ಕಟ್ಟಡ ನಿಂತಿತ್ತು. ತಾವೇ ಛತ್ರಿ ಹಿಡಿದು ನಿಂತು ಕಟ್ಟಿಸಿದ್ದು. ಬಾಡಿಗೆಗೆ ಬಂದವರಿಗೆಲ್ಲ ಮನೆ ತೋರಿಸುವ ಮುಂಚೆ ಕಂಬ ತೋರಿಸುತ್ತಿದ್ದರು. “ನೋಡ್ಕೊಳಪ್ಪಾ, ಕಂಬಿ ಕಟ್ಟೋವಾಗ ನಾನೇ ನಿಂತಿದ್ದೆ. ಆನೆ ತಂದು ಕಟ್ಟಾಕಿದ್ರೂ ಅಳ್ಳಾಡಾಕಿಲ್ಲ,” ಎನ್ನುತ್ತಿದ್ದರು. ಇಂಥವರ ಮುಂದೆ ನಿಂತು ‘ನಿಮ್ಮ ಮನೆ ಮೀನು ತಡೆಯುತ್ತದೆಯೇ’ ಎಂದು ಕೇಳುವ ಎದೆಗಾರಿಕೆ ಭಾನುಪ್ರಕಾಶನಿಗಿರಲಿಲ್ಲ. ಯಾರನ್ನೂ ಕೇಳದೆ ತಾನೇ ಪರೀಕ್ಷಿಸಿಬಿಡುವುದು ಮೇಲೆಂದು ಅವನು ತೀರ್ಮಾನಿಸಿದ.

ಮರುದಿನ ರಾಮಯ್ಯನವರು ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಅವನು ಟೇಪು, ತೂಕದ ಗುಂಡು, ರಸಮಟ್ಟ ಹಿಡಿದು ಕೆಳಗಿಳಿದ. ರಾಮಯ್ಯನವರ ಹೆಂಡತಿ ಅನುಸೂಯಮ್ಮ ಧಾರಾವಾಹಿ ನೋಡುತ್ತ ಅವರೆಕಾಯಿ ಸುಲಿಯುತ್ತಿದ್ದರು.

“ಆಂಟಿ, ನಿಮ್ಮ ಹಾಲ್‌ನ ಚಾವಣಿ ಒಂಚೂರು ನೋಡ್ಲಾ?”

“ನೋಡ್ಕೊಳಪ್ಪ. ಜೇಡ ಗೀಡ ಐತಾ?”

ಭಾನುಪ್ರಕಾಶ ತಲೆಯೆತ್ತಿ ಬಹಳ ಹೊತ್ತು ನೋಡಿದ. ತಮ್ಮ ಮನೆಯ ನೆಲವೇ ಇವರ ಚಾವಣಿ. ತೊಲೆ ಎಲ್ಲಿ ಹಾದುಹೋಗಿದೆ, ಟ್ಯಾಂಕು ಎಲ್ಲಿ ಕೂತರೆ ಭಾರ ಅದರ ಮೇಲೆ ಬೀಳುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಾಕುತ್ತ ಹಾಕುತ್ತ ಅಭ್ಯಾಸಬಲದಿಂದ “ಹ್ಞೂಂ” ಎಂದುಬಿಟ್ಟ. ಅನುಸೂಯಮ್ಮನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಲೆಕ್ಕ ಮರೆತುಹೋಗಬಾರದಲ್ಲ. ತೊಲೆ ಕಂಬಕ್ಕೆ ಕೂಡುವ ಕಡೆಗಳಲ್ಲಿ ಗುರುತು ಹಾಕಿಕೊಳ್ಳೋಣವೆಂದು ಜೇಬಿಗೆ ಕೈ ಹಾಕಿದ. ಹಸಿರು ಮಾರ್ಕರ್ ಒಣಗಿತ್ತು. ಕೆಂಪು ಚೆನ್ನಾಗಿ ಬರೆಯುತ್ತಿತ್ತು. ಮೆಟ್ಟಿಲ ಬಳಿಯ ಕಂಬಕ್ಕೊಂದು, ಪಾರ್ಕಿಂಗಿನ ಎರಡು ಕಂಬಕ್ಕೆ ಒಂದೊಂದು, ಮೇಲೆ ತನ್ನ ಹಾಲ್‌ನ ಗೋಡೆಗೊಂದು, ದಪ್ಪನೆಯ ಕೆಂಪು ಕತ್ತರಿ ಗುರುತು ಹಾಕಿ, ಕಾರ್ಖಾನೆಯಲ್ಲಿ ಮಾಡುವಂತೆಯೇ ಕೆಳಗೆ ಚಿಕ್ಕದಾಗಿ ಸಹಿ ಮಾಡಿ, ತೃಪ್ತಿಯಿಂದ ಮನೆಗೆ ಹೋದ.

ಆ ಕಟ್ಟಡದಲ್ಲಿದ್ದವರು ಯಾರು? ಎಲ್ಲರೂ ಪೀಣ್ಯದವರು. ಒಬ್ಬ ಲೇತ್ ನಡೆಸುವವನು, ಒಬ್ಬಳು ಪ್ಯಾಕಿಂಗಿನವಳು, ಇನ್ನೊಬ್ಬ ಬಣ್ಣ ಹೊಡೆಯುವವನು. ಕೆಂಪು ಕತ್ತರಿ ಗುರುತಿನ ಅರ್ಥ ಅವರಿಗೆ ಅಕ್ಷರಕ್ಕಿಂತ ಮೊದಲೇ ಗೊತ್ತು. ಮೂರನೇ ಮಹಡಿಯ ಗದಿಗೆಪ್ಪ, ಕೊಪ್ಪಳದ ಕಡೆಯಿಂದ ಬಂದು ವೆಲ್ಡಿಂಗ್ ಶೆಡ್ಡಿನಲ್ಲಿ ದುಡಿಯುವವನು, ಪಾಳಿ ಮುಗಿಸಿ ಬಂದು ಮೆಟ್ಟಿಲ ಬಳಿ ನಿಂತ. ಕಂಬ ನೋಡಿದ, ಸಹಿ ನೋಡಿದ. ಟಿಫನ್ ಡಬ್ಬಿ ಕೈಜಾರಿತು.

“ಏ ಶೇಖವ್ವಾ!” ಎಂದು ಅಲ್ಲಿಂದಲೇ ಹೆಂಡತಿಯನ್ನು ಕೂಗಿದ. “ಲಗೂನ ಕೆಳಗ ಬಾ! ಭಾನು ಸರ್ ಬಿಲ್ಡಿಂಗ್ ರಿಜೆಕ್ಟ್ ಮಾಡ್ಯಾರ!”

ಶೇಖವ್ವ ಉರಿಯುತ್ತಿದ್ದ ಒಲೆ ಆರಿಸಿ, ಹಂಚಿನ ಮೇಲಿದ್ದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಇಳಿದು ಬಂದಳು. ಬರುವಾಗ ದಾರಿಯಲ್ಲಿ ಸಿಕ್ಕ ಪ್ರತಿ ಬಾಗಿಲಿಗೂ ಸುದ್ದಿ ಮುಟ್ಟಿಸಿದಳು. ಅವಳು ಕೆಳಗೆ ಮುಟ್ಟುವುದರೊಳಗೆ ಕಟ್ಟಡ ಬಲಕ್ಕೆ ವಾಲಿತ್ತು. ನಾಲ್ಕನೇ ಮಹಡಿಗೆ ಸುದ್ದಿ ಹೋಗುವಷ್ಟರಲ್ಲಿ ಎಡಕ್ಕೂ ವಾಲಿತ್ತು. ಎದುರು ಮನೆಯವರು ತಮ್ಮ ಕಾರು ತೆಗೆದು ಬೀದಿಯ ತುದಿಯಲ್ಲಿ ನಿಲ್ಲಿಸಿದರು.

ಅನುಸೂಯಮ್ಮನನ್ನು ಕೇಳಿದರೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಮ್ಯಾಕ್ಕೆ ನೋಡ್ದ. ಹ್ಞೂಂ ಅಂದ. ಇನ್ನೇನೂ ಯೋಳ್ಲಿಲ್ಲ ಕಣ್ರವ್ವಾ,” ಎಂದರು. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೂ ಬೇಕಿರಲಿಲ್ಲ.

ಈ ಹೊತ್ತಿಗೆ ಭಾನುಪ್ರಕಾಶ ಏನೂ ತಿಳಿಯದೆ ಮೀನಿಗೆ ಊಟ ಹಾಕುತ್ತಿದ್ದ. ಮೊದಲು ಬಂದದ್ದು ಅತ್ತೆ ಧನಲಕ್ಷ್ಮಿ. ನೆಲಮಂಗಲದಲ್ಲಿದ್ದವರಿಗೆ ಸುದ್ದಿ ಹೇಗೆ ಮುಟ್ಟಿತೋ, ಸಂಜೆಗೆ ಖಾಲಿ ಚೀಲ ಹಿಡಿದು ಹಾಜರಾದರು. “ನಡಿಯೇ ಶಶಿ, ನಮ್ಮನೆಗೆ. ಇವ್ರು ಬೇಕಿದ್ರೆ ಮೀನು ಕಟ್ಕೊಂಡು ಇಲ್ಲೇ ಬಿದ್ದಿರ್ಲಿ.”

“ಏನಾಯ್ತು ಅತ್ತೆ?” ಎಂದ ಭಾನುಪ್ರಕಾಶ.

“ಏನಾಯ್ತು ಅಂತ ನಮ್ಮನ್ನ ಕೇಳಿ! ಊರಿಗೆಲ್ಲ ಬೀಳತ್ತೆ ಅಂತ ಬರೆದಿಟ್ಟು, ಕಟ್ಕೊಂಡೋಳಿಗೆ ಒಂದು ಮಾತು ಹೇಳಿಲ್ಲ!”

ಅವನು ಬಾಲ್ಕನಿಗೆ ಬಂದು ಇಣುಕಿದ. ಕೆಳಗೆ ಬೀದಿಯ ತುಂಬ ಜನ. ಹಾಸಿಗೆ ಸುತ್ತಿಕೊಂಡವರು, ಟಿವಿ ಅಪ್ಪಿಕೊಂಡವರು. ಯಾರೋ ಪುಣ್ಯಾತ್ಮರು ಫೋನ್ ಮಾಡಿದ್ದರಿಂದ ವಾರ್ಡಿನ ಎಂಜಿನಿಯರೂ ಸ್ಕೂಟರಿನಲ್ಲಿ ಬಂದಿಳಿದಿದ್ದರು. ನಡುವೆ ರಾಮಯ್ಯನವರು ಪಂಚೆ ಎತ್ತಿ ಕಟ್ಟಿ ನಿಂತು ಕಂಬದ ಕೆಂಪು ಗುರುತನ್ನೇ ನೋಡುತ್ತಿದ್ದರು. ತಮ್ಮ ಮಗುವಿನ ಕೆನ್ನೆಗೆ ಯಾರೋ ಬರೆ ಎಳೆದಂತಿತ್ತು ಅವರ ಮುಖ.

“ಇಳ್ದು ಬಾರಪ್ಪಾ ಸಾಹೇಬಾ,” ಎಂದರು ಮೇಲೆ ನೋಡಿ. ದನಿ ಮೆಲ್ಲಗಿತ್ತು, ಅದೇ ಹೆದರಿಕೆ ಹುಟ್ಟಿಸುವಂತಿತ್ತು.

ಭಾನುಪ್ರಕಾಶ ಇಳಿದು ಬಂದು ಎಲ್ಲವನ್ನೂ ಒಪ್ಪಿಸಿದ. ಮೀನು, ಹವಳ, ಆರಡಿ, ಒಂದು ಟನ್ನು, ಒಣಗಿದ ಹಸಿರು ಮಾರ್ಕರ್. ಜನ ನಂಬಲಿಲ್ಲ. ಎರಡು ಮೀನಿಗಾಗಿ ಒಂದು ಟನ್ ನೀರು ಇಡುವವನು ಇದ್ದಾನೆಂದು ನಂಬುವುದಕ್ಕಿಂತ ಕಟ್ಟಡ ಬೀಳುತ್ತದೆಂದು ನಂಬುವುದು ಸುಲಭವಾಗಿತ್ತು.

“ಸುಳ್ಳ ಹೇಳ್ಬ್ಯಾಡ್ರಿ ಸರ್,” ಎಂದ ಗದಿಗೆಪ್ಪ. “ನೀವು ಸುಮ್ ಸುಮ್ನ ಕೆಂಪ ಹಾಕಾವ್ರಲ್ಲ.”

ವಾರ್ಡ್ ಎಂಜಿನಿಯರ್ ಕಂಬಗಳನ್ನು ಸುತ್ತಿ ನೋಡಿ, ಅಲ್ಲಲ್ಲಿ ಬಡಿದು, “ಬಿರುಕಿಲ್ಲ, ವಾಲಿಲ್ಲ. ಜನ ಇರೋಕೆ ಏನೂ ತೊಂದ್ರೆ ಇಲ್ಲ. ಟನ್‌ಗಟ್ಲೆ ನೀರಿನ ವಿಷಯ ಮಾತ್ರ ನನ್ನ ಕೇಳ್ಬೇಡಿ,” ಎಂದರು.

“ಕೇಳಾದೇನು? ಈಗ್ಲೇ ನೋಡ್ಬುಡಾಣ!” ರಾಮಯ್ಯನವರು ಗುಡುಗಿದರು. “ಒಂದು ಟನ್ ಅಂದ್ರೆ ಎಷ್ಟು ಜನ ಯೋಳಪ್ಪಾ?”

“ಹದಿನಾರು ಜನ ಆಗ್ಬೋದು ಅಂಕಲ್.”

“ನಡೀರಿ ಎಲ್ಲಾ ಮ್ಯಾಕ್ಕೆ! ಇವತ್ತು ನನ್ ಮನೆ ಬೀಳ್ಬೇಕು, ಇಲ್ಲಾ ನಿಮ್ ಅನುಮಾನ ಬೀಳ್ಬೇಕು!”

ಹೀಗೆ ಭಾನುಪ್ರಕಾಶನ ಹಾಲ್‌ನಲ್ಲಿ ಲಗ್ಗೆರೆಯ ಇತಿಹಾಸದಲ್ಲೇ ಮೊದಲನೆಯದೆನ್ನಬಹುದಾದ ಭಾರ ಪರೀಕ್ಷೆ ನಡೆಯಿತು. ಬೀಳುತ್ತದೆಂದು ಕೆಳಗೆ ಓಡಿಬಂದಿದ್ದವರೇ, ಏನಾಗುತ್ತದೋ ನೋಡೋಣವೆಂದು ಮೇಲೆ ಓಡಿದರು. ರಟ್ಟಿನ ಟ್ಯಾಂಕನ್ನು ತೆಗೆದು, ಅದಿದ್ದ ಆರಡಿ ಉದ್ದ ಎರಡಡಿ ಅಗಲದ ಜಾಗದಲ್ಲಿ ಹದಿನಾರು ಜನರನ್ನು ನಿಲ್ಲಿಸಬೇಕಿತ್ತು. ಒಂಬತ್ತು ಜನಕ್ಕೇ ಜಾಗ ಮುಗಿಯಿತು. ಗದಿಗೆಪ್ಪನ ಹೆಗಲ ಮೇಲೆ ಅವನ ಮಗಳು ಕೂತಳು. ಸಂದಿನಲ್ಲಿ ಎರಡು ಗ್ಯಾಸ್ ಸಿಲಿಂಡರ್ ತುರುಕಿ, ಸಿಲಿಂಡರಿನ ಮೇಲೆ ಅಕ್ಕಿ ಮೂಟೆ ಇಟ್ಟು, ಮೂಟೆಯ ಮೇಲೆ ಶೇಖವ್ವನನ್ನು ಕೂರಿಸಲಾಯಿತು. ಧನಲಕ್ಷ್ಮಿಯವರ ತೂಕ ಕೇಳುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಅವರನ್ನು ಒಬ್ಬರೆಂದೇ ಲೆಕ್ಕಕ್ಕೆ ಹಿಡಿದರು.

ಬಾಗಿಲಲ್ಲಿ ನಿಂತು ಜಾರಿಕೊಳ್ಳಲು ನೋಡುತ್ತಿದ್ದ ವಾರ್ಡ್ ಎಂಜಿನಿಯರ್ ಕೈಯನ್ನು ರಾಮಯ್ಯನವರು ಹಿಡಿದೆಳೆದರು. “ಬನ್ನಿ ಸಾರ್, ಸರ್ಕಾರದ ತೂಕಾನೂ ಬೀಳ್ಲಿ!”

“ಏನಾಗ್ತದೆ ಅನುಸೂಯಾ?” ಎಂದು ನೆಲದತ್ತ ಬಾಗಿ ಕೂಗಿದರು.

ಕೆಳಗಿನ ಹಾಲ್‌ನಲ್ಲಿ ಚಾವಣಿ ನೋಡುತ್ತ ನಿಂತಿದ್ದ ಅನುಸೂಯಮ್ಮ ಕಿಟಕಿಯಿಂದ ವರದಿ ಒಪ್ಪಿಸಿದರು. “ಫ್ಯಾನು ಅಳ್ಳಾಡ್ತದೆ ಕಣ್ರೀ!”

ಮೇಲಿದ್ದವರೆಲ್ಲ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡರು. ಶೇಖವ್ವ ಕಣ್ಣು ಮುಚ್ಚಿ ಊರಿನ ದೇವರನ್ನೆಲ್ಲ ಕರೆದಳು.

“ಸ್ವಿಚ್ ಹಾಕಿದ್ಯೇನೇ?”

“ಊಂ. ಸೆಕೆ ಅಲ್ವಾ?”

“ಆಫ್ ಮಾಡೇ!”

ಫ್ಯಾನು ನಿಂತಿತು. ಕಟ್ಟಡ ಕದಲಲಿಲ್ಲ. ಒಂದು ಚೂರು ಸುಣ್ಣ ಕೂಡ ಉದುರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಎರಡಡಿ ಟ್ಯಾಂಕಿನಲ್ಲಿದ್ದ ಮೀನುಗಳೂ ಗಾಜಿಗೆ ಮೂತಿ ಒತ್ತಿ ಈ ಮನುಷ್ಯರ ಟ್ಯಾಂಕನ್ನು ನೋಡುತ್ತಿದ್ದವು.

ಇಷ್ಟಾದರೂ ಗದಿಗೆಪ್ಪ ಒಂದು ಪಟ್ಟು ಬಿಡಲಿಲ್ಲ. “ಕೆಂಪ ಹಾಕಿದಾವ್ರೇ ಹಸರ ಹಾಕ್ಬೇಕ್ರೀ. ನಮ್ ಕಂಪನ್ಯಾಗ ಹಂಗ ಐತಿ.” ಎಲ್ಲರೂ ಹೌದು ಹೌದೆಂದರು. ರಾಮಯ್ಯನವರು ಗೇಟಿಗೆ ಹೊಡೆದು ಮಿಕ್ಕಿದ್ದ ಹಸಿರು ಬಣ್ಣದ ಡಬ್ಬ ಮತ್ತು ಬ್ರಶ್ ತಂದು ಭಾನುಪ್ರಕಾಶನ ಕೈಗಿತ್ತರು.

ಮೆರವಣಿಗೆ ಹೊರಟಿತು. ಪಾರ್ಕಿಂಗಿನ ಕಂಬಗಳಿಗೆ ಹಸಿರು, ಮೆಟ್ಟಿಲ ಕಂಬಕ್ಕೆ ಹಸಿರು. ಜನ ಇರಬಹುದೆಂದು ಎಂಜಿನಿಯರೇ ಹೇಳಿದ್ದಾರೆ, ಅದಕ್ಕೆ ತೊಂದರೆಯಿಲ್ಲ. ಕೊನೆಗೆ ಎಲ್ಲರೂ ಮತ್ತೆ ಅವನ ಹಾಲ್‌ಗೆ ಬಂದರು. ಅಲ್ಲಿನ ಗೋಡೆಯ ಕೆಂಪು ಗುರುತಿನ ಮುಂದೆ ಅವನ ಬ್ರಶ್ ನಿಂತಿತು. ಹಚ್ಚಿಬಿಟ್ಟರೆ ಮುಗಿಯಿತು. ಆರಡಿ ಸಮುದ್ರ ಬರುತ್ತದೆ, ಮುರಳಿ ಸಾರ್ ಬರುತ್ತಾರೆ, ಮರ್ಯಾದೆ ಉಳಿಯುತ್ತದೆ. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು.

“ಬಣ್ಣ ಮುಗೀತು ಅಂಕಲ್,” ಎಂದ ಭಾನುಪ್ರಕಾಶ.

ರಾಮಯ್ಯನವರು ಡಬ್ಬ ಇಸಿದುಕೊಂಡು ಒಳಗೆ ನೋಡಿದರು. ಅರ್ಧ ಡಬ್ಬ ಬಣ್ಣವಿತ್ತು. ಮುಚ್ಚಳ ಒತ್ತಿ ಮುಚ್ಚಿ, “ಊಂ, ಮುಗೀತು. ಎಲ್ಲಾ ಮನೀಗೋಗ್ರಪ್ಪ,” ಎಂದರು.

ಮರುದಿನ ಬೆಳಿಗ್ಗೆ ಅವರು ಒಬ್ಬರೇ ಮೇಲೆ ಬಂದರು. ಬಂದವರು ಬಾಗಿಲು ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತರು. ಶಶಿಕಲಾ ಕಾಫಿ ತಂದಿಟ್ಟಳು.

“ಯಾಕಪ್ಪಾ ಅದೊಂದು ಬುಟ್ಟೆ?” ಎಂದರು ಗೋಡೆಯ ಕೆಂಪು ಗುರುತಿನತ್ತ ಕೈ ತೋರಿಸಿ.

“ಜನ ನಿಂತ್ಕೋತಾರೆ, ಹೋಗ್ತಾರೆ ಅಂಕಲ್. ನೀರು ಎದ್ದು ಹೋಗಲ್ಲ. ವರ್ಷಗಟ್ಲೆ ಒಂದೇ ಕಡೆ ಕೂತಿರತ್ತೆ. ಒಳಗೆ ಎಷ್ಟು ಕಂಬಿ ಇದೆ ಅಂತ ಗೊತ್ತಿಲ್ದೆ ಪಾಸ್ ಮಾಡೋಕೆ ನನಗೆ ಕೈ ಬರ್ಲಿಲ್ಲ. ನೀವೇ ನಿಂತು ಕಟ್ಸಿದೀರಲ್ಲ, ಎಷ್ಟು ಹಾಕಿಸಿದ್ರಿ?”

ರಾಮಯ್ಯನವರು ಕಾಫಿ ಲೋಟವನ್ನು ಆ ಕಡೆ ಈ ಕಡೆ ತಿರುಗಿಸಿದರು. “ನಿಂತಿದ್ದೆ ಕಣಪ್ಪಾ. ನಿಂತಿದ್ದು ನಿಜ. ಆದ್ರೆ ಅವ್ರು ಎಷ್ಟು ಕಟ್ಟುದ್ರು ಅಂತ ನಂಗೇನ್ ಗೊತ್ತು? ನಾನು ರಾಗಿ ಬೆಳೀತಿದ್ದೋನು. ಛತ್ರಿ ಇಡ್ಕಂಡು ನಿಂತಿದ್ದೆ, ಅಷ್ಟೇ.”

ಇಷ್ಟು ವರ್ಷ ಲಗ್ಗೆರೆಗೆಲ್ಲ ಕೇಳುವಂತೆ ಹೇಳಿದ ಮಾತಿನ ಒಳಗಿನ ಮಾತು ಇದು. ಅದನ್ನು ಹೇಳಿದ ಮೇಲೆ ಅವರು ಸ್ವಲ್ಪ ಚಿಕ್ಕವರಾದಂತೆ ಕಂಡರು. ಭಾನುಪ್ರಕಾಶ ತನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡ.

“ಬಿಡಿ ಅಂಕಲ್. ಎರಡಡೀನೇ ಸಾಕು,” ಎಂದ. ಎಂದವನು ಮೀನಿನ ಕಡೆ ನೋಡಲಿಲ್ಲ.

ರಾಮಯ್ಯನವರು ಅವನನ್ನೂ ಗೋಡೆಯನ್ನೂ ನೋಡಿ, “ನಂ ಹಾಲ್‌ನಾಗೆ ಇಡು,” ಎಂದರು. “ಕೆಳೀಕೆ ನೆಲ. ನೆಲಕ್ಕೆ ಎಷ್ಟು ಭಾರ ಆದ್ರೇನು? ನೀನು ದಿನಾ ಬಂದು ನೋಡ್ಕೊ. ಆದ್ರೆ ಒಂದ್ ಮಾತು. ಯಾರಾನ ಕೇಳುದ್ರೆ ಓನರ್ ಆಸೆಪಟ್ರು ಅನ್ನು. ಮೇಲೆ ತಡಿಯಾಕಿಲ್ಲ ಅಂತ ಮಾತ್ರ ಬಾಯಿ ಬುಡಬ್ಯಾಡ. ಈ ಮನೆಗೊಂದು ಒಳ್ಳೇ ಎಸ್ರು ಐತೆ.”

ಭಾನುಪ್ರಕಾಶ ಮಾತು ಕೊಟ್ಟ.

ಕಾಡಪ್ಪ ಆಳುಗಳೊಂದಿಗೆ ಟ್ಯಾಂಕು ತಂದು ರಾಮಯ್ಯನವರ ಹಾಲ್‌ನಲ್ಲಿ ಕೂರಿಸಿದ. ಉಪ್ಪು ಬೆರೆಸಿದ್ದು, ನೀರು ಹದಕ್ಕೆ ಬರಲು ವಾರಗಟ್ಟಲೆ ಕಾದದ್ದು, ಕಲ್ಲು ಜೋಡಿಸಿದ್ದು, ಹವಳ ನೆಟ್ಟದ್ದು, ಕೊನೆಗೆ ಎರಡು ಮೀನುಗಳನ್ನು ಇಳಿಬಿಟ್ಟದ್ದು ಎಲ್ಲ ಭಾನುಪ್ರಕಾಶನೇ. ಮೀನುಗಳು ಮೊದಲ ದಿನ ದಾರಿ ತಪ್ಪಿದವರಂತೆ ಒಂದು ಮೂಲೆಯಲ್ಲೇ ನಿಂತಿದ್ದು, ಮರುದಿನ ಆ ತುದಿಯಿಂದ ಈ ತುದಿಗೆ ಓಡಾಡಿದಾಗ ಅವನ ಕಣ್ಣು ತುಂಬಿ ಬಂತು. ಅನುಸೂಯಮ್ಮ ಧಾರಾವಾಹಿಯಲ್ಲಿ ಯಾರೋ ಸತ್ತದ್ದಕ್ಕೆ ಅಳುತ್ತಿದ್ದಾನೆಂದು ತಿಳಿದು ಅವನಿಗೆ ಸಮಾಧಾನ ಹೇಳಿದರು.

ರಾಮಯ್ಯನವರ ಪ್ರೀತಿ ಬೆಳೆಯಲು ಹೆಚ್ಚು ದಿನ ಹಿಡಿಯಲಿಲ್ಲ. ಮೊದಲ ವಾರ ಅದು ‘ಭಾನು ಟ್ಯಾಂಕು’. ಎರಡನೇ ವಾರ ‘ನಮ್ಮ ಮನೆ ಟ್ಯಾಂಕು’. ಆಮೇಲೆ ‘ನನ್ನ ಮೀನು’. ಬೆಳಿಗ್ಗೆ ಕಾಫಿ ಅದರ ಮುಂದೆ, ರಾತ್ರಿ ಮುದ್ದೆ ಅದರ ಮುಂದೆ. ಬಂದವರಿಗೆಲ್ಲ ಈಗ ಕಂಬ ತೋರಿಸುವುದನ್ನು ಬಿಟ್ಟು ಹವಳ ತೋರಿಸುತ್ತಿದ್ದರು. “ಕಲ್ಲಲ್ಲ ಕಣಪ್ಪ ಅದು, ಪ್ರಾಣಿ. ಅಗಲೊತ್ತೆಲ್ಲ ಅರಳ್ಕಂಡಿರ್ತದೆ. ನೋಡು, ನನ್ ಕಂಡ್ರೆ ಅದುಕ್ಕೆ ಗೊತ್ತಾಯ್ತದೆ.” ಭಾನುಪ್ರಕಾಶ ಬಕೆಟ್ಟು ಹಿಡಿದು ನೀರು ಬದಲಿಸುತ್ತಿದ್ದರೆ ಬಂದವರು, “ಕೆಲ್ಸಕ್ಕೆ ಒಳ್ಳೆ ಹುಡುಗನ್ನ ಇಟ್ಕೊಂಡಿದೀರ,” ಎಂದು ಹೊಗಳಿ ಹೋಗುತ್ತಿದ್ದರು.

ಕೊನೆಗೊಂದು ಭಾನುವಾರ ಮುರಳಿ ಹೆಂಡತಿ ಮಕ್ಕಳೊಂದಿಗೆ ಬಂದೇಬಿಟ್ಟರು. ಭಾನುಪ್ರಕಾಶ ಗೇಟಿನಲ್ಲಿ ಸ್ವಾಗತಿಸಿ, ಏನಾದರೊಂದು ಹೇಳಿ ಸಂಭಾಳಿಸೋಣವೆಂದು ಒಳಗೆ ಕರೆತಂದ. ಟ್ಯಾಂಕು ಕಂಡದ್ದೇ ತಡ ಮುರಳಿ ಬಾಗಿಲಲ್ಲೇ ನಿಂತುಬಿಟ್ಟರು. ರಾಮಯ್ಯನವರಿಗೆ ಇಂಥ ಮುಖ ಕಂಡರೆ ಸಾಕು. ಎದ್ದು ಬಂದು ವಿವರಿಸತೊಡಗಿದರು. ಈ ಹವಳ ಎಲ್ಲಿಯದು, ಆ ಮೀನಿನಲ್ಲಿ ಹೆಣ್ಣು ಯಾವುದು, ನೀರಿಗೆ ಉಪ್ಪೆಷ್ಟು.

“ನಿಮ್ಮ ವಯಸ್ಸಲ್ಲಿ ಇಷ್ಟು ಆಸಕ್ತಿ! ಗ್ರೇಟ್ ಸಾರ್,” ಎಂದು ಮುರಳಿ ಅವರ ಕೈ ಕುಲುಕಿ, ಭಾನುಪ್ರಕಾಶನ ಕಡೆ ತಿರುಗಿದರು. “ನಿಮ್ಮ ಓನರ್‌ದೇ ಹೀಗಿದ್ರೆ ನಿಮ್ದು ಹೇಗಿರ್ಬೇಕು! ಮೇಲಿದೆಯಾ? ನಡೀರಿ, ಆರಡೀದನ್ನೂ ನೋಡ್ಬಿಡೋಣ.”

ತೆರೆದ ಬಾಗಿಲಾಚೆ ಮೆಟ್ಟಿಲ ಮೇಲೆ ಗದಿಗೆಪ್ಪ, ಶೇಖವ್ವ ಮತ್ತಿಬ್ಬರು ಸೇರಿ ಹೊಸದಾಗಿ ತಂದ ಕಬ್ಬಿಣದ ಬೀರುವನ್ನು ಏರಿಸುತ್ತಿದ್ದರು. ಇದು ನನ್ನದೇ ಎಂದರೆ ಮೇಲೇಕೆ ಇಡಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಓನರ್ ಆಸೆಪಟ್ಟರು ಎಂದರೆ ಆರಡಿಯ ಟ್ಯಾಂಕನ್ನು ಕೊಟ್ಟುಬಿಟ್ಟೆಯಾ ಎಂದು ನಗುತ್ತಾರೆ, ನಂಬುವುದಿಲ್ಲ. ಭಾನುಪ್ರಕಾಶ ಮೆಟ್ಟಿಲ ಕಡೆಗೊಮ್ಮೆ ನೋಡಿದ; ನಿಜ ಹೇಳಿದರೆ ಅಲ್ಲಿದ್ದವರಿಗೂ ಕೇಳಿಸುತ್ತದೆ, ಕೊಟ್ಟ ಮಾತು ಮುರಿಯುತ್ತದೆ.

“ನಂದು ಇಲ್ಲ ಸಾರ್,” ಎಂದ. “ಅವತ್ತು ಕ್ಯಾಂಟೀನಲ್ಲಿ ಸುಮ್ನೆ ಹೇಳ್ಬಿಟ್ಟೆ.”

ಮುರಳಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಾಫಿ ತಟ್ಟೆ ಹಿಡಿದು ನಿಂತಿದ್ದ ಶಶಿಕಲಾ ತಲೆ ತಗ್ಗಿಸಿದಳು. “ಓ, ಸರಿ ಬಿಡಿ,” ಎಂದ ಮುರಳಿಯವರ ದನಿಯಲ್ಲಿ ನಾಳೆ ಕ್ಯಾಂಟೀನಿನಲ್ಲಿ ಆಗಲಿರುವ ನಗುವೆಲ್ಲ ಇತ್ತು.

ರಾಮಯ್ಯನವರು ಹವಳದ ವಿವರಣೆ ನಿಲ್ಲಿಸಿದರು. ಭಾನುಪ್ರಕಾಶನನ್ನು ನೋಡಿದರು, ಅವನ ಹೆಂಡತಿಯನ್ನು ನೋಡಿದರು. ಆಮೇಲೆ ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಸುಳ್ಳು ಯೋಳ್ತಾವ್ನೆ ಸಾರ್. ಇದು ಅವುಂದೇ. ಆ ಮೀನು ಅವುಂದು, ಕಲ್ಲು ಅವುಂದು, ನೀರೂ ಅವುಂದೇ. ಮೇಲೆ ಇಕ್ಕುದ್ರೆ ನನ್ ಮನೆ ತಡೀತದೋ ಇಲ್ವೋ ಅಂತ ನಂಗೇ ಗೊತ್ತಿಲ್ಲ. ಅದುಕ್ಕೇ ನಾನೇ ಕೆಳೀಕೆ ಇಳಿಸ್ಕಂಡೆ. ನನ್ ಮಾನ ಉಳ್ಸಾಕೆ ಈ ಉಡುಗ ತನ್ ಮಾನ ಬುಟ್ಟ.”

ಮುರಳಿ ಮತ್ತೊಮ್ಮೆ ಟ್ಯಾಂಕಿನ ಹತ್ತಿರ ಹೋದರು. ಕಲ್ಲುಗಳನ್ನು, ಹವಳಗಳನ್ನು, ನೀರಿನ ತಿಳಿಯನ್ನು ಈ ಸಲ ನಿಧಾನವಾಗಿ ನೋಡಿ, “ಭಾನು, ನಂದೂ ಒಂದ್ಸಲ ಬಂದು ನೋಡಿ ಮಾರಾಯ್ರೆ. ನಂ ಹವಳ ಯಾಕೋ ಹೀಗೆ ಅರಳ್ತಾನೇ ಇಲ್ಲ,” ಎಂದರು. ಭಾನುಪ್ರಕಾಶನ ಎದೆ ಆರಡಿಯಾಯಿತು.

ಆದರೆ ಬಾಗಿಲಾಚೆ ಸದ್ದು ನಿಂತಿತ್ತು. ಬೀರು ಅರ್ಧ ಮೆಟ್ಟಿಲಲ್ಲಿ ನಿಂತಿತ್ತು. ಅದರ ಹಿಂದಿನಿಂದ ಗದಿಗೆಪ್ಪನ ಮುಖ ಹೊರಬಂತು.

“ಯಜಮಾನ್ರ, ಏನಂದ್ರೀ? ಗೊತ್ತಿಲ್ಲಾ? ಹಂಗಾದ್ರ ಈ ಬೀರು ಎಲ್ಲಿ ಇಡ್ಲಿ?”

ರಾಮಯ್ಯನವರು ಬೀರುವನ್ನು ನೋಡಿದರು. ಅದರ ಹಿಂದೆ, ಮೇಲಿನ ಮೆಟ್ಟಿಲುಗಳಲ್ಲಿ, ಒಬ್ಬೊಬ್ಬರಾಗಿ ಇಳಿದು ಬಂದು ನಿಲ್ಲುತ್ತಿದ್ದ ಉಳಿದ ಬಾಡಿಗೆದಾರರನ್ನು ನೋಡಿದರು. ಆಮೇಲೆ ತಮ್ಮ ಹಾಲ್‌ನ ಉದ್ದಗಲವನ್ನೊಮ್ಮೆ ಅಳೆಯುವಂತೆ ಕಣ್ಣು ಹಾಯಿಸಿದರು.

“ಅನುಸೂಯಾ,” ಎಂದರು, “ಆ ಟಿವಿ ಒಸಿ ಈಚೀಕೆ ಎಳಿ.”